ಹೊಸ ಫೋನು, ಕಲ್ಲಿನ ಗೋಡೆ, ಗಡಿಯ ಟವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಸ ಸ್ಮಾರ್ಟ್‌ಫೋನ್ ಕೊಂಡವರು ತಮ್ಮ ಅನುಭವ ಹಾಗೂ ಸಂದೇಹಗಳನ್ನು ಬರೆದು ಕಳುಹಿಸಬೇಕೆಂದು ಕೇಳಿಕೊಂಡಿದ್ದೆವು. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕ್ಯಾಮೆರಾ, ಪರದೆಗಳ ಮಾತು ಕಡಿಮೆ. ನೆಟ್‌ವರ್ಕಿನ ಮಾತೇ ಹೆಚ್ಚು. ಫೋನ್ ಮಾರುವವರು ಒಬ್ಬರು, ಸೇವೆ ಕೊಡುವವರು ಇನ್ನೊಬ್ಬರು ಆಗಿರುವುದರಿಂದ ತೊಂದರೆ ಬಂದಾಗ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ಕೈತೊಳೆದುಕೊಳ್ಳುತ್ತಾರೆ. ದೋಷ ಎಲ್ಲಿದೆಯೆಂದು ಗ್ರಾಹಕರೇ ಮೊದಲು ಕಂಡುಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ.

ಪ್ರಶ್ನೆ: ನಮ್ಮದು ಗುಳೇದಗುಡ್ಡದಲ್ಲಿ ಅಜ್ಜನ ಕಾಲದ ಕಲ್ಲಿನ ಮನೆ. ಗೋಡೆಗಳು ಎರಡು ಅಡಿ ದಪ್ಪವಿವೆ, ಮೇಲೆ ಮಣ್ಣಿನ ಮಾಳಿಗೆಯಿದೆ. ದೀಪಾವಳಿಗೆ ಹೊಸ 5ಜಿ ಫೋನ್ ಕೊಂಡೆ. ಅಂಗಳದಲ್ಲಿ 5ಜಿ ಎಂದು ತೋರಿಸುತ್ತದೆ, ಪಡಸಾಲೆಗೆ ಬಂದರೆ 4ಜಿ, ಅಡುಗೆಮನೆಗೆ ಹೋದರೆ ಮಾತು ಕಡಿದುಹೋಗುತ್ತದೆ. ಹಳೆಯ ಫೋನಿನಲ್ಲಿ ಈ ತೊಂದರೆ ಇರಲಿಲ್ಲ. ಅಂಗಡಿಯವರು ಸಿಮ್ ಬದಲಿಸಿ ಎನ್ನುತ್ತಾರೆ, ಸಿಮ್ ಕಂಪನಿಯವರು ಫೋನ್ ತೋರಿಸಿ ಎನ್ನುತ್ತಾರೆ. ಬ್ಯಾಟರಿಯೂ ಸಂಜೆಯವರೆಗೆ ಬಾಳುವುದಿಲ್ಲ. ಫೋನನ್ನು ಹಿಂದಿರುಗಿಸಲೇ?

ಉತ್ತರ: ಹಿಂದಿರುಗಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಅದೇ ಕಂಪನಿಯ ಸಿಮ್ ಇರುವ ಮತ್ತೊಂದು 5ಜಿ ಫೋನನ್ನು ಬಂಧುಗಳಿಂದಲೋ ನೆರೆಯವರಿಂದಲೋ ತಂದು ಅಡುಗೆಮನೆಯಲ್ಲಿ ಮಾತನಾಡಿ ನೋಡಿ. ಬಳಿಕ ಎರಡು ಫೋನುಗಳ ಸಿಮ್ಮುಗಳನ್ನು ಅದಲುಬದಲು ಮಾಡಿ ಅದೇ ಜಾಗದಲ್ಲಿ ಮತ್ತೆ ಮಾತನಾಡಿ. ತೊಂದರೆ ನಿಮ್ಮ ಫೋನಿನಲ್ಲಿ ಮಾತ್ರ ಉಳಿದರೆ ಅದು ಫೋನಿನ ದೋಷ, ನಿಮ್ಮ ಸಿಮ್ಮಿನ ಬೆನ್ನುಹತ್ತಿ ಹೋದರೆ ಸಿಮ್ಮಿನ ದೋಷ, ಎರಡರಲ್ಲೂ ಕಂಡರೆ ಜಾಗದ ದೋಷ. ನಿಮ್ಮ ಪತ್ರ ಓದಿದರೆ ಮೂರನೆಯದೇ ಇರಬೇಕೆಂದು ತೋರುತ್ತದೆ, ಏಕೆಂದರೆ ಅಂಗಳದಲ್ಲಿ ಚೆನ್ನಾಗಿರುವ ಫೋನು ಹೊಸ್ತಿಲು ದಾಟಿದೊಡನೆ ಕೆಡುವುದಿಲ್ಲ.

ಪರೀಕ್ಷಿಸುವಾಗ ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ಎಣಿಸಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದಕ್ಕೆ ಎಲ್ಲ ಕಂಪನಿಗಳಿಗೂ ಅನ್ವಯಿಸುವ ಒಂದೇ ಅಳತೆಯಿಲ್ಲ. ಒಂದು ಫೋನಿನ ಎರಡು ಕಡ್ಡಿ ಇನ್ನೊಂದರ ಮೂರು ಕಡ್ಡಿಗೆ ಸಮವಾಗಿರಬಹುದು. ಬಹುಪಾಲು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, ಫೋನಿನ ಮಾಹಿತಿ ಇರುವ ಕಡೆ, ಸಿಮ್ ಸ್ಥಿತಿ ಎಂಬಲ್ಲಿ ಸಿಗ್ನಲ್ಲಿನ ಬಲ ಡಿಬಿಎಂ ಎಂಬ ಮಾನದಲ್ಲಿ, ಋಣ ಸಂಖ್ಯೆಯಾಗಿ ಕಾಣುತ್ತದೆ. 4ಜಿಯಲ್ಲಿ ಅದು ಮೈನಸ್ 85ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ ಎಂದರ್ಥ, ಮೈನಸ್ 115ಕ್ಕಿಂತ ಕೆಳಗಿಳಿದರೆ ಕರೆ ಕಡಿಯುವುದು ಸಹಜ. ಅಂಗಳದ ಸಂಖ್ಯೆಯನ್ನೂ ಅಡುಗೆಮನೆಯ ಸಂಖ್ಯೆಯನ್ನೂ ಬರೆದಿಟ್ಟುಕೊಂಡರೆ ಮುಂದೆ ಯಾರೊಡನೆ ವಾದಿಸುವುದಕ್ಕೂ ಆಧಾರವಿರುತ್ತದೆ.

ಇನ್ನು ಗೋಡೆಯ ವಿಷಯ. ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಆರಂಭವಾದ 5ಜಿ ಸೇವೆ ಹೆಚ್ಚಾಗಿ ನಡೆಯುವುದು 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗಾಂತರದಲ್ಲಿ. ಅದರ ಅಲೆಯ ಉದ್ದ ಸುಮಾರು 8.5 ಸೆಂಟಿಮೀಟರ್. ಅದು ಏಕಕಾಲಕ್ಕೆ ಹೆಚ್ಚು ಡೇಟಾ ಹೊರುತ್ತದೆ, ಆದರೆ ದಪ್ಪ ಗೋಡೆಯನ್ನು ಹಾಯುವ ಶಕ್ತಿ ಅದಕ್ಕೆ ಕಡಿಮೆ. 700 ಅಥವಾ 900 ಮೆಗಾಹರ್ಟ್ಸಿನ ಉದ್ದನೆಯ ಅಲೆಗಳು ಹೆಚ್ಚು ದೂರ ಹೋಗುತ್ತವೆ, ಗೋಡೆಗಳನ್ನೂ ಇದಕ್ಕಿಂತ ಚೆನ್ನಾಗಿ ದಾಟುತ್ತವೆ. ಕೆಲವು ಕಂಪನಿಗಳ ಸೇವೆಯಲ್ಲಿ ಹಳೆಯ ಫೋನು ಒಳಗೆ ಬಂದೊಡನೆ 900 ಮೆಗಾಹರ್ಟ್ಸಿನ 2ಜಿಗೆ ಇಳಿದು ಮಾತು ಮುಂದುವರಿಸುತ್ತಿತ್ತು. ಹೊಸ ಫೋನು ಅದೇ ಕರೆಯನ್ನು 4ಜಿಯಲ್ಲೇ ಸಾಧ್ಯವಾದಷ್ಟು ಹೊತ್ತು ಹಿಡಿದಿಟ್ಟುಕೊಳ್ಳಲು ಯತ್ನಿಸುತ್ತದೆ. ಹಳೆಯ ಫೋನೇ ವಾಸಿಯಿತ್ತು ಎಂಬ ನಿಮ್ಮ ಅನುಭವ ಸುಳ್ಳಲ್ಲ, ಆದರೆ ಅದರಿಂದ ಹೊಸ ಫೋನು ದೋಷಪೂರಿತವೆಂದು ಸಿದ್ಧವಾಗುವುದಿಲ್ಲ. ಬೇಸಿಗೆಯ ಬಿಸಿಲನ್ನು ಹೊರಗೇ ತಡೆದು ನಿಮ್ಮ ಮನೆಯನ್ನು ತಂಪಾಗಿಡುವ ಗೋಡೆಯೇ ಈ ಅಲೆಗಳನ್ನೂ ತಡೆಯುತ್ತಿದೆ.

ಬ್ಯಾಟರಿ ಬೇಗ ಇಳಿಯುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ತನ್ನ ಪ್ರಸಾರದ ಶಕ್ತಿಯನ್ನು ಹೆಚ್ಚಿಸುತ್ತ ಹೋಗುತ್ತದೆ, ಜೊತೆಗೆ 5ಜಿ ಮತ್ತು 4ಜಿಗಳ ನಡುವೆ ಮೇಲಿಂದ ಮೇಲೆ ಹೊಯ್ದಾಡುತ್ತದೆ. ಮನೆಯಲ್ಲಿರುವಾಗ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಸೀಮಿತಗೊಳಿಸಿ ಎರಡು ದಿನ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮನೆಗೆ ಫೈಬರ್ ಬ್ರಾಡ್‌ಬ್ಯಾಂಡ್ ಇದ್ದರೆ ಅದಕ್ಕಿಂತ ಒಳ್ಳೆಯ ಪರಿಹಾರವಿದೆ: ಫೋನಿನಲ್ಲಿ ವೈಫೈ ಕಾಲಿಂಗ್ ಎಂಬುದನ್ನು ಚಾಲೂ ಮಾಡಿ. ಕರೆ ಟವರಿನ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ, ನಿಮ್ಮ ನಂಬರ್ ಅದೇ ಇರುತ್ತದೆ. ಹಲವರು ಕೈಯಲ್ಲಿರುವ ಈ ಸೌಲಭ್ಯವನ್ನು ಗಮನಿಸುವುದೇ ಇಲ್ಲ. ಆದರೆ ಸಿಗ್ನಲ್ ಬೂಸ್ಟರ್ ಎಂದು ಮಾರಾಟವಾಗುವ ಪೆಟ್ಟಿಗೆಗಳ ತಂಟೆಗೆ ಹೋಗಬೇಡಿ. ಪರವಾನಗಿಯಿಲ್ಲದೆ ಅವುಗಳನ್ನು ಮಾರುವುದೂ ಬಳಸುವುದೂ ಕಾನೂನುಬಾಹಿರ. ಅಲ್ಲದೆ ನಿಮ್ಮ ಮನೆಯ ಬೂಸ್ಟರು ಓಣಿಯ ಉಳಿದವರ ಸಿಗ್ನಲ್ಲನ್ನು ಕೆಡಿಸಬಲ್ಲದು.

ಪ್ರಶ್ನೆ: ನಿಪ್ಪಾಣಿಯಲ್ಲಿ ಮನೆಯೊಳಗೆ ಕುಳಿತಿದ್ದಾಗಲೇ ಹೊಸ ಫೋನಿಗೆ ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತದೆ, ರೋಮಿಂಗ್ ಚಿಹ್ನೆ ಕಾಣುತ್ತದೆ, ಡೇಟಾ ನಿಂತುಹೋಗುತ್ತದೆ. ಹಣ ಕಡಿತವಾಗುತ್ತದೆಯೇ? ಇದನ್ನು ತಪ್ಪಿಸುವುದು ಹೇಗೆ?

ಉತ್ತರ: ಟವರಿನ ಅಲೆಗಳಿಗೆ ರಾಜ್ಯದ ಗಡಿ ತಿಳಿಯುವುದಿಲ್ಲ, ಗಡಿಯಾಚೆಯ ಟವರು ಬಲವಾಗಿದ್ದರೆ ಫೋನು ಅದನ್ನೇ ಹಿಡಿಯುತ್ತದೆ. ದೂರಸಂಪರ್ಕದ ಲೆಕ್ಕದಲ್ಲಿ ದೇಶವನ್ನು 22 ಸೇವಾ ವಲಯಗಳಾಗಿ ವಿಂಗಡಿಸಲಾಗಿದ್ದು, ಗೋವಾ ಕೂಡ ಮಹಾರಾಷ್ಟ್ರ ವಲಯದಲ್ಲೇ ಸೇರಿದೆ. ಆದ್ದರಿಂದ ನಿಮ್ಮಂತೆಯೇ ಗೋವಾ ಗಡಿಗೆ ಹತ್ತಿರವಿರುವ ಖಾನಾಪುರ ತಾಲೂಕಿನ ಕಣಕುಂಬಿಯ ಕಡೆಯವರಿಗೂ, ಸೊಲ್ಲಾಪುರಕ್ಕೆ ಹತ್ತಿರವಿರುವ ಚಡಚಣದವರಿಗೂ ಇದೇ ಅನುಭವವಾಗುವುದುಂಟು. ಈಗ ಸಾಮಾನ್ಯವಾಗಿ ಸಿಗುವ ಅನಿಯಮಿತ ಕರೆಯ ಪ್ಯಾಕುಗಳಲ್ಲಿ ದೇಶದೊಳಗಿನ ರೋಮಿಂಗ್ ಸೇರಿಯೇ ಇರುತ್ತದೆಯಾದ್ದರಿಂದ ಹಣದ ಭಯವಿಲ್ಲ. ಆದರೂ ನಿಮ್ಮ ಪ್ಯಾಕಿನ ವಿವರವನ್ನು ಒಮ್ಮೆ ಓದಿ.

ಡೇಟಾ ನಿಲ್ಲುವುದಕ್ಕೆ ಕಾರಣ ಬಹುಶಃ ತೀರ ಸರಳವಾದದ್ದು. ಹಲವು ಹೊಸ ಫೋನುಗಳಲ್ಲಿ ಡೇಟಾ ರೋಮಿಂಗ್ ಎಂಬ ಆಯ್ಕೆ ಮೊದಲಿನಿಂದಲೇ ಬಂದ್ ಆಗಿರುತ್ತದೆ. ಅದನ್ನು ಚಾಲೂ ಮಾಡಿ. ಅಷ್ಟರಿಂದಲೂ ಕಿರಿಕಿರಿ ತಪ್ಪದಿದ್ದರೆ ಸ್ವಯಂಚಾಲಿತ ಆಯ್ಕೆಯನ್ನು ತೆಗೆದು, ಪಟ್ಟಿಯಲ್ಲಿ ಕಾಣುವ ಕರ್ನಾಟಕದ ನೆಟ್‌ವರ್ಕನ್ನು ನೀವೇ ಆರಿಸಬಹುದು. ಕೊಲ್ಹಾಪುರಕ್ಕೆ ಹೊರಟಾಗ ಅದನ್ನು ಮತ್ತೆ ಸ್ವಯಂಚಾಲಿತಕ್ಕೆ ತಿರುಗಿಸಲು ಮರೆತರೆ ದಾರಿಯುದ್ದಕ್ಕೂ ನೆಟ್‌ವರ್ಕ್ ಇಲ್ಲದಂತಾಗುತ್ತದೆ. ಗಡಿಯ ಊರುಗಳವರು ಇನ್ನೊಂದು ವಿಷಯವನ್ನು ತಿಳಿದಿರಬೇಕು: ಆಪತ್ತಿನಲ್ಲಿ 112ಕ್ಕೆ ಕರೆ ಮಾಡಿದಾಗ ಫೋನು ಆಚೆಯ ಟವರನ್ನು ಹಿಡಿದಿದ್ದರೆ, ಕರೆ ಆಚೆಯ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುವ ಸಾಧ್ಯತೆಯಿದೆ. ಮಾತು ಆರಂಭಿಸುವಾಗಲೇ ಊರು, ತಾಲೂಕು, ಜಿಲ್ಲೆಗಳನ್ನು ಸ್ಪಷ್ಟವಾಗಿ ಹೇಳಿ.

ಪ್ರಶ್ನೆ: ವಿಜಯಪುರದ ಒಂದು ಅಂಗಡಿಯಲ್ಲಿ ಹೊಸ 5ಜಿ ಫೋನ್ ಕೊಂಡಾಗ, ಇದಕ್ಕೆ ಡೇಟಾ ಮಿತಿಯೇ ಇಲ್ಲ ಎಂದು ಹೇಳಿ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಕೊಟ್ಟರು. ಮಧ್ಯಾಹ್ನದ ಹೊತ್ತಿಗೇ ಡೇಟಾ ಮುಗಿಯಿತೆಂಬ ಸಂದೇಶ ಬರುತ್ತದೆ. ಸೇವಾ ಕಂಪನಿಯ ಸಹಾಯವಾಣಿಯವರು ಪ್ರತಿ ಸಲವೂ ನೋಡುತ್ತೇವೆ ಎಂದು ಹೇಳಿ ಫೋನ್ ಇಡುತ್ತಾರೆ. ಯಾರಿಗೆ ದೂರು ಕೊಡಬೇಕು? ಟ್ರಾಯ್‌ಗೆ ಬರೆಯಲೇ?

ಉತ್ತರ: ನಿಮಗೆ ಅರ್ಧ ಸತ್ಯ ಹೇಳಲಾಗಿದೆ. 5ಜಿ ಬಂದ ಹೊಸತರಲ್ಲಿ ದೊಡ್ಡ ಖಾಸಗಿ ಕಂಪನಿಗಳು ಮಿತಿಯಿಲ್ಲದ 5ಜಿ ಡೇಟಾವನ್ನು ಉದಾರವಾಗಿ ಕೊಟ್ಟದ್ದು ನಿಜ. 2024ರ ಜುಲೈಯಲ್ಲಿ ದರ ಏರಿಸಿದಾಗ ಆ ಸೌಲಭ್ಯವನ್ನು ಸಾಮಾನ್ಯವಾಗಿ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಯಾಕುಗಳಿಗೆ ಸೀಮಿತಗೊಳಿಸಲಾಯಿತು. ಮೇಲಾಗಿ ಈ ಅನಿಯಮಿತ ಸೌಲಭ್ಯ ಫೋನು 5ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಅನ್ವಯಿಸುತ್ತದೆ. ಮನೆಯೊಳಗೆ ಅದು 4ಜಿಗೆ ಇಳಿದರೆ ಡೇಟಾ ದಿನದ ಮಿತಿಯಲ್ಲಿ ಕಳೆಯುತ್ತದೆ. ಅಂಗಡಿಯ ಫಲಕದ ಮೇಲೆ ಇದನ್ನೂ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಇಷ್ಟು ಪತ್ರಗಳು ಬರುತ್ತಿರಲಿಲ್ಲ.

ದೂರಿನ ದಾರಿ ಹೀಗಿದೆ. ಟ್ರಾಯ್ ದರ ಮತ್ತು ಗುಣಮಟ್ಟಗಳಿಗೆ ನಿಯಮ ಮಾಡುವ ಪ್ರಾಧಿಕಾರವಾಗಿದ್ದು, ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ತೀರ್ಮಾನಿಸುವುದಿಲ್ಲ. ಮೊದಲು ನಿಮ್ಮ ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ, ದೂರನ್ನು ದಾಖಲಿಸಿ ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ಕೊಡಿ ಎಂದು ಪಟ್ಟುಹಿಡಿದು ಕೇಳಿ. ನಿಮ್ಮ ಪತ್ರದಲ್ಲಿ ಹಲವು ಕರೆಗಳ ಪ್ರಸ್ತಾಪವಿದೆ, ಒಂದು ಡಾಕೆಟ್ ನಂಬರೂ ಇಲ್ಲ. ಆ ನಂಬರ್ ಇಲ್ಲದ ಕರೆಗಳು ಕಾನೂನಿನ ಕಣ್ಣಿನಲ್ಲಿ ದೂರುಗಳೇ ಅಲ್ಲವೆನ್ನುವಂತಾಗುತ್ತದೆ. ಪರಿಹಾರ ತೃಪ್ತಿಕರವಾಗಿರದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ಮೇಲ್ಮನವಿಯನ್ನು 39 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬ ನಿಯಮವಿದೆ. ಮೇಲ್ಮನವಿಯೂ ಕಂಪನಿಯೊಳಗಿನದೇ ಆದ್ದರಿಂದ ಅದರಿಂದ ಅತಿಯಾಗಿ ನಿರೀಕ್ಷಿಸಬೇಡಿ; ಆದರೆ ಲಿಖಿತ ಉತ್ತರವೊಂದು ಕೈಗೆ ಸಿಗುತ್ತದೆ, ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

ಮುಂದೆ ಎಂದರೆ ಜಿಲ್ಲಾ ಗ್ರಾಹಕ ಆಯೋಗ. ದೂರಸಂಪರ್ಕದ ವ್ಯಾಜ್ಯಗಳು ಗ್ರಾಹಕ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲವೆಂದು ಕಂಪನಿಗಳು ಹಲವು ವರ್ಷ ವಾದಿಸುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಂತೂ ದೂರಸಂಪರ್ಕವನ್ನು ಸೇವೆಯೆಂದು ಹೆಸರಿಸಿಯೇ ಸೇರಿಸಲಾಗಿದೆ. ಅದೇ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕಂಪನಿಯ ಕೇಂದ್ರ ಕಚೇರಿ ಮುಂಬಯಿಯಲ್ಲಿದ್ದರೂ ದೆಹಲಿಯಲ್ಲಿದ್ದರೂ ನೀವು ಅಲ್ಲಿಗೆ ಓಡಬೇಕಾಗಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ತೊಂದರೆ ಉಂಟಾದ 2 ವರ್ಷಗಳೊಳಗೆ ದೂರು ಕೊಡಬೇಕು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಒಂದು ರೀಚಾರ್ಜಿನ ಹಣಕ್ಕಾಗಿ ಆಯೋಗದ ಮೆಟ್ಟಿಲು ಹತ್ತುವ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಿ. ಸಣ್ಣ ಮೊತ್ತದ ತಕರಾರುಗಳಿಗೆ ನನ್ನ ಮಟ್ಟಿಗೆ ಅದೇ ವಾಸಿ.

ಪ್ರಶ್ನೆ: ಇಂಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮಳೆಗಾಳಿಗೆ ಟವರ್ ಕೆಟ್ಟು ಎರಡು ದಿನ ಫೋನೇ ಇರಲಿಲ್ಲ. ಆ ದಿನಗಳ ಹಣ ವಾಪಸು ಸಿಗುತ್ತದೆಯೇ?

ಉತ್ತರ: ನಿಮ್ಮ ವಿಷಯದಲ್ಲಿ ಕಷ್ಟ. ಸೇವೆಯ ಗುಣಮಟ್ಟದ ಬಗೆಗೆ ಟ್ರಾಯ್ 2024ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಒಂದು ಜಿಲ್ಲೆಯ ಮಟ್ಟದಲ್ಲಿ ಸೇವೆ 24 ಗಂಟೆಗಿಂತ ಹೆಚ್ಚು ಹೊತ್ತು ಸ್ಥಗಿತಗೊಂಡರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತವನ್ನೂ ಪ್ರಿಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿಯ ವಿಸ್ತರಣೆಯನ್ನೂ ಕೊಡಬೇಕು. ಒಂದು ಹಳ್ಳಿಯ ಒಂದು ಟವರು ಬಿದ್ದರೆ ಈ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ನಗರದಲ್ಲಿ ಕುಳಿತು ಮಾಡಿದ ನಿಯಮ. ಒಂದೇ ಟವರನ್ನು ನಂಬಿರುವ ಹಳ್ಳಿಗೆ ಆ ಟವರೇ ಇಡೀ ನೆಟ್‌ವರ್ಕ್. ಆದರೂ 198ರಲ್ಲಿ ದೂರು ದಾಖಲಿಸಿ, ಗ್ರಾಮ ಪಂಚಾಯಿತಿಯಿಂದಲೂ ಒಂದು ಪತ್ರ ಬರೆಸಿ. ಹೊಸ ಸಿಮ್ ಕೊಳ್ಳುವ ಯೋಚನೆಯಿದ್ದರೆ ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ಹಾಕಿರುವ ಸೇವಾವ್ಯಾಪ್ತಿಯ ನಕ್ಷೆಗಳಲ್ಲಿ ನಿಮ್ಮ ಹಳ್ಳಿಯನ್ನು ಹುಡುಕಿ ನೋಡಿ. 2ಜಿ, 4ಜಿ, 5ಜಿಗಳನ್ನು ಅಲ್ಲಿ ಬೇರೆಬೇರೆಯಾಗಿ ತೋರಿಸಿರುತ್ತಾರೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಅಲ್ಲಿ ಬಳಸುತ್ತಿದ್ದ ಐಫೋನನ್ನು ಬೆಳಗಾವಿಗೆ ಕಳುಹಿಸಿದ್ದಾನೆ. ಅದರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಏನು ಮಾಡಲಿ?

ಉತ್ತರ: 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾದ ಐಫೋನುಗಳಲ್ಲಿ ಸಿಮ್ ಟ್ರೇ ಇರುವುದಿಲ್ಲ, ಇ-ಸಿಮ್, ಅಂದರೆ ಫೋನಿನೊಳಗೇ ಅಡಕವಾಗಿರುವ ಸಿಮ್, ಮಾತ್ರ ನಡೆಯುತ್ತದೆ. ನಿಮ್ಮ ಕಂಪನಿಯ ಅಂಗಡಿಗೆ ಗುರುತಿನ ದಾಖಲೆಯೊಡನೆ ಹೋಗಿ ಈಗಿನ ಸಿಮ್ಮನ್ನು ಇ-ಸಿಮ್ಮಿಗೆ ಬದಲಿಸಿಕೊಳ್ಳಬಹುದು. ಅದಕ್ಕೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಫೋನು ಅಲ್ಲಿನ ಸೇವಾ ಕಂಪನಿಗೆ ಲಾಕ್ ಆಗಿಲ್ಲವೆಂದು, ಅಂದರೆ ಬೇರೆ ಕಂಪನಿಯ ಸಿಮ್ಮನ್ನೂ ಒಪ್ಪುತ್ತದೆಂದು, ಖಚಿತಪಡಿಸಿಕೊಳ್ಳಿ; ಲಾಕ್ ಆಗಿದ್ದರೆ ಅದನ್ನು ತೆಗೆಸಬೇಕಾದವರು ನಿಮ್ಮ ಮಗ, ಅಲ್ಲಿನ ಕಂಪನಿಯ ಮೂಲಕವೇ. ಇ-ಸಿಮ್ ಮಾಡಿಕೊಡುತ್ತೇನೆಂದು ಯಾರಾದರೂ ಕರೆ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ. ನಿಮ್ಮ ನಂಬರ್ ಅವರ ಫೋನಿಗೆ ಹೋದ ಮೇಲೆ ಬ್ಯಾಂಕಿನ ಸಂದೇಶಗಳೂ ಅಲ್ಲಿಗೇ ಹೋಗುತ್ತವೆ.

ಪ್ರಶ್ನೆ: ನಾನು ಹೊಸ ಫೋನ್ ಕೊಂಡು ಹಳೆಯ ನಂಬರನ್ನು ಜಮಖಂಡಿಯಲ್ಲಿರುವ ಅವ್ವನ ಕೀಪ್ಯಾಡ್ ಫೋನಿಗೆ ಹಾಕಿಕೊಟ್ಟಿದ್ದೇನೆ. ಅವ್ವನಿಗೆ ಡೇಟಾ ಬೇಡ, ಮಾತನಾಡಿದರೆ ಸಾಕು. ಪ್ರತಿ 28 ದಿನಕ್ಕೆ ಡೇಟಾ ಪ್ಯಾಕ್ ಹಾಕಿಸಲೇಬೇಕೇ?

ಉತ್ತರ: ಬೇಕಾಗಿಲ್ಲ. ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರವೇ ಸೀಮಿತವಾದ ಪ್ಯಾಕನ್ನು ಪ್ರತಿ ಕಂಪನಿಯೂ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಂಥ ಪ್ಯಾಕಿನ ಅವಧಿ 365 ದಿನಗಳವರೆಗೂ ಇರಬಹುದು. ಅಂಗಡಿಯವರು ತಾವಾಗಿ ಇದರ ಮಾತೆತ್ತುವುದು ಅಪರೂಪ, ನೀವೇ ಹೆಸರಿಸಿ ಕೇಳಬೇಕು. ಕೊಳ್ಳುವ ಮೊದಲು ಆ ಕೀಪ್ಯಾಡ್ ಫೋನು 4ಜಿಯದೋ 2ಜಿಯದೋ ನೋಡಿಕೊಳ್ಳಿ, ಏಕೆಂದರೆ 2ಜಿ ಸೇವೆಯೇ ಇಲ್ಲದ ಕಂಪನಿಯ ಸಿಮ್ ಹಳೆಯ 2ಜಿ ಫೋನಿನಲ್ಲಿ ಕೆಲಸ ಮಾಡುವುದಿಲ್ಲ.