ಬಣ್ಣವೇ ಭಾಷೆಯಾದರೆ ಚೀಟಿ ಯಾಕೆ?

ಪ್ರಶ್ನೆ: ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ‘ಬಣ್ಣವೇ ನನ್ನ ಭಾಷೆ’ ಅಂದರು ಕಲಾವಿದರು. ಆದರೆ ಪ್ರತಿ ಚಿತ್ರದ ಪಕ್ಕದಲ್ಲೂ ಒಂದು ಪುಟದ ವಿವರಣೆ ಅಂಟಿಸಿದ್ದರು! ನನಗೆ ಚಿತ್ರ ಅರ್ಥವಾಗಲಿಲ್ಲ. ಅಂದರೆ ಆ ಭಾಷೆ ನನಗೆ ಬರುವುದಿಲ್ಲ ಅಂತಲೇ?
– ಒಬ್ಬ ಓದುಗ, ಧಾರವಾಡ

ಉತ್ತರ: ನಾನೂ ಎಷ್ಟೋ ಸಲ ಚಿತ್ರಕ್ಕಿಂತ ಚೀಟಿಯ ಮುಂದೆಯೇ ಜಾಸ್ತಿ ಹೊತ್ತು ನಿಂತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ‘ಕಲೆ ಒಂದು ಭಾಷೆ’ ಅನ್ನೋದು ಕೇಳಲು ಚಂದ. ಆದರೆ ಭಾಷೆ ಅಂದಮೇಲೆ ಪದ ಬೇಕು, ಪದಕ್ಕೊಂದು ಅರ್ಥ ಬೇಕು, ಅವನ್ನು ಜೋಡಿಸೋಕೆ ವ್ಯಾಕರಣ ಬೇಕು, ಅಲ್ವಾ? ಅಮೆರಿಕದ ತತ್ವಜ್ಞಾನಿ ಸೂಸನ್ ಲ್ಯಾಂಗರ್ 1942ರಲ್ಲೇ ಈ ಮಾತು ಎತ್ತಿದ್ದರು. ಒಂದು ಭಾವಚಿತ್ರದಿಂದ ಮೂಗಿನ ಪಕ್ಕದ ನೆರಳನ್ನಷ್ಟೇ ಕತ್ತರಿಸಿ ತೆಗೆಯಿರಿ. ಅದು ಬರೀ ಕಪ್ಪು ಮಚ್ಚೆ. ‘ಮೂಗು’ ಅನ್ನೋ ಪದ ಹಾಗಲ್ಲ, ಯಾವ ವಾಕ್ಯದಿಂದ ಕಿತ್ತು ತಂದರೂ ಮೂಗೇ. ಚಿತ್ರಕ್ಕೂ ಅರ್ಥ ಇದೆ, ಅದು ಇಡಿಯಾಗಿ ಒಮ್ಮೆಗೇ ಎದುರು ಬರುತ್ತದೆ ಅನ್ನೋದು ಅವರ ವಾದ.

ನನಗೆ ಇನ್ನೂ ಇಷ್ಟವಾಗೋದು ಅಮೆರಿಕದ ಇನ್ನೊಬ್ಬ ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1968ರಲ್ಲಿ ಕೊಟ್ಟ ಉದಾಹರಣೆ. ಒಂದು ಕಡೆ ಹೃದಯದ ಬಡಿತ ತೋರಿಸೋ ಇಸಿಜಿ, ಇನ್ನೊಂದು ಕಡೆ ಜಪಾನಿನ ಹೊಕುಸಾಯ್ ಬರೆದ ಫ್ಯೂಜಿ ಪರ್ವತ. ಎರಡರಲ್ಲೂ ಒಂದೇ ಥರದ ಏರಿಳಿತದ ಕಪ್ಪು ಗೆರೆ ಇದೆ ಅಂದುಕೊಳ್ಳಿ. ಇಸಿಜಿಯ ಗೆರೆ ದಪ್ಪಗಿದ್ದರೇನು, ಶಾಯಿ ನೀಲಿಯಾದರೇನು, ಕಾಗದ ಎಂಥದ್ದಾದರೇನು, ಡಾಕ್ಟರಿಗೆ ಬೇಕಾದದ್ದು ಅದು ಎಲ್ಲಿ ಏರಿತು, ಎಲ್ಲಿ ಇಳಿಯಿತು ಅನ್ನೋದಷ್ಟೇ. ಪರ್ವತದಲ್ಲಿ ಇವ್ಯಾವುದನ್ನೂ ಬಿಡುವ ಹಾಗಿಲ್ಲ. ಅಕ್ಷರ ಇಸಿಜಿಯ ಕಡೆಯದು: ನನ್ನ ಕೈಬರಹ ಎಷ್ಟೇ ಸೊಟ್ಟಗಿದ್ದರೂ ‘ಕ’ ಅಂದರೆ ‘ಕ’ನೇ. ಇನ್ನೊಂದು ತಮಾಷೆ. ಗುಡ್‌ಮನ್ ತಮ್ಮ ಪುಸ್ತಕಕ್ಕೆ ‘ಕಲೆಯ ಭಾಷೆಗಳು’ ಅನ್ನೋ ಅರ್ಥದ ಹೆಸರಿಟ್ಟು, ಸರಿಯಾಗಿ ಹೇಳಬೇಕಾದರೆ ‘ಭಾಷೆ’ ಬದಲು ‘ಸಂಕೇತ ವ್ಯವಸ್ಥೆ’ ಅನ್ನಬೇಕಿತ್ತು ಅಂತ ಪೀಠಿಕೆಯಲ್ಲಿ ತಾವೇ ಒಪ್ಪಿಕೊಂಡಿದ್ದಾರೆ!

ಹಾಗಾಗಿ ನಿಮಗೆ ಬಾರದ ಭಾಷೆ ಅಲ್ಲಿ ಯಾವುದೂ ಇರಲಿಲ್ಲ. ಈ ಗೆರೆ ಸ್ವಲ್ಪ ತೆಳ್ಳಗಿದ್ದಿದ್ದರೆ ಏನಾಗುತ್ತಿತ್ತು ಅಂತ ಕೇಳಿಕೊಂಡು ಇನ್ನೊಮ್ಮೆ ನೋಡಿ.

ಚೀಟಿಗೂ ಒಂದು ಕೆಲಸ ಇದೆ. ಬೆಲ್ಜಿಯಂನ ರೆನೆ ಮಾಗ್ರಿತ್ 1929ರಲ್ಲಿ ಹೊಗೆಸೊಪ್ಪಿನ ಪೈಪ್ ಬರೆದು, ಕೆಳಗೆ ಫ್ರೆಂಚಿನಲ್ಲಿ ‘ಇದು ಪೈಪ್ ಅಲ್ಲ’ ಅಂತ ಬರೆದರು. ಹೌದಲ್ಲ, ಅದು ಪೈಪಿನ ಚಿತ್ರ, ಹೊಗೆ ಸೇದೋಕಾಗಲ್ಲ. ಆದರೆ ಆ ‘ಅಲ್ಲ’ವನ್ನು ಬರೀ ಬಣ್ಣದಲ್ಲಿ ಹೇಳೋದು ಹೇಗೆ? (‘ಧೂಮಪಾನ ನಿಷೇಧ’ ಫಲಕದ ಅಡ್ಡಗೆರೆ ಇದೆಯಲ್ಲ ಅನ್ನಬಹುದು. ಆ ಗೆರೆಯನ್ನು ನಾವು ಅಕ್ಷರ ಕಲಿತ ಹಾಗೇ ಕಲಿತಿದ್ದೇವೆ.) ಚಿತ್ರದಿಂದ ಆಗದ್ದನ್ನು ಚೀಟಿ ಹೇಳಿದರೆ ಸರಿ. ಚಿತ್ರವೇ ಮಾಡಬೇಕಾದ್ದನ್ನು ಚೀಟಿ ಮಾಡುತ್ತಿದ್ದರೆ ಸುಮ್ನೆ ಮುಂದಿನ ಚಿತ್ರಕ್ಕೆ ಹೋಗಿ.

ಪ್ರಶ್ನೆ: ನಮ್ಮ ಧ್ವನಿ ಸಿದ್ಧಾಂತ ಕಾವ್ಯಕ್ಕೆ ಮಾತ್ರವೇ?
– ಒಬ್ಬ ಓದುಗಿ, ಮೈಸೂರು

ಉತ್ತರ: ಪದ ನೇರವಾಗಿ ಹೇಳದೆ ಸೂಚಿಸುವ ಅರ್ಥವೇ ಕಾವ್ಯದ ಜೀವ ಅನ್ನೋದು ಧ್ವನಿ ಸಿದ್ಧಾಂತ. ಅದನ್ನು ಮಂಡಿಸಿದ 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಬರೆದದ್ದು ಕಾವ್ಯದ ಬಗ್ಗೆಯೇ. ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಅನ್ನೋ ಹಳೇ ಉದಾಹರಣೆ ನಿಮಗೆ ಗೊತ್ತಿರಬಹುದು. ಹೊಳೆಯ ಮೇಲೆ ಯಾರೂ ಹಟ್ಟಿ ಕಟ್ಟಲ್ಲ, ಆದ್ದರಿಂದ ‘ದಡದಲ್ಲಿ’ ಅಂತ ಅರ್ಥ ಮಾಡಿಕೊಳ್ಳುತ್ತೇವೆ, ಆಮೇಲೆ ಅಲ್ಲಿನ ತಂಪು, ಪಾವಿತ್ರ್ಯ ಹೊಳೆಯುತ್ತದೆ. ಇಲ್ಲಿ ಮೊದಲ ಮೆಟ್ಟಿಲು ಪದದ ಅರ್ಥ. ಚಿತ್ರಕ್ಕೆ, ಆಲಾಪಕ್ಕೆ ಆ ಮೆಟ್ಟಿಲೇ ಇಲ್ಲ. ಆದರೆ ಆನಂದವರ್ಧನ ಇದನ್ನೂ ಬಿಟ್ಟಿಲ್ಲ. ಗೀತದ ನಾದಕ್ಕೆ ವಾಚ್ಯಾರ್ಥ (ಪದದ ನೇರ ಅರ್ಥ) ಇಲ್ಲದಿದ್ದರೂ ಅದರಿಂದ ರಸ ತಿಳಿಯುತ್ತದೆ, ಆದ್ದರಿಂದ ಸೂಚಿಸುವ ಶಕ್ತಿಯೇ ಬೇರೆ, ವಾಚ್ಯವಾಗಿ ಹೇಳುವ ಶಕ್ತಿಯೇ ಬೇರೆ ಅಂತ ವಾದಿಸುತ್ತಾನೆ. ಅಲ್ಲಿಂದ ಚಿತ್ರಕ್ಕೆ ದಾಟಿಸುತ್ತಿರೋದು ನಾನು. ಅವನು ಒಪ್ಪುತ್ತಿದ್ದ ಅಂತಲೇ ನನಗೆ ಅನಿಸುತ್ತದೆ.