ಮಂತ್ರವಾದಿಯ ಬೆಂಕಿ, ಯೋಧನ ಕತ್ತಿ

ಪ್ರಶ್ನೆ: ಪ್ರತಿ ಭಾನುವಾರ ದಾಳ ಉರುಳಿಸಿ ಪಾತ್ರಗಳಾಗಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು 2014ರ ನಿಯಮಗಳಂತೆ ಆಡಿಸುತ್ತೇನೆ. ಐದನೆಯ ಹಂತ ತಲುಪಿದ ಮೇಲೆ ಮಂತ್ರವಾದಿ ಒಂದೇ ಬೆಂಕಿಯುಂಡೆಯಿಂದ ಎಲ್ಲರನ್ನೂ ಸುಡುತ್ತಾನೆ. ಯೋಧನಾಗಿ ಆಡುವ ನನ್ನ ತಮ್ಮನಿಗೆ ಬೇಸರ. ಮಂತ್ರದ ದಾಳಗಳನ್ನು ಕಡಿಮೆ ಮಾಡಲೇ?
— ಓದುಗ, ಕೊಪ್ಪಳ

ಉತ್ತರ: ದಯವಿಟ್ಟು ಬೇಡ. ಬೆಂಕಿಯುಂಡೆಯ ಎಂಟು ದಾಳಗಳ ಸರಾಸರಿ ಹಾನಿ 28, ನಿಜ. ಆದರೆ ಆ ಮಟ್ಟದ ಮಂತ್ರ ಅವನಿಗೆ ದಿನಕ್ಕೆ ಎರಡೇ ಬಾರಿ. ಸಣ್ಣ ವಿರಾಮದಲ್ಲಿ ಇನ್ನೊಂದು ಮರಳಬಹುದು, ಅಷ್ಟೇ. ನಿಮ್ಮ ತಮ್ಮನ ಉದ್ದಗತ್ತಿ, ತೋಳ್ಬಲದಿಂದ ಪ್ರತಿ ಏಟಿಗೆ ಸೇರುವ ಅಂಕ ನಾಲ್ಕಿದ್ದರೆ, ಎರಡು ಏಟಿಗೆ ಸರಾಸರಿ 17 ಕೊಡುತ್ತದೆ, ಮತ್ತು ಎಂದೂ ತೀರುವುದಿಲ್ಲ.

ಬಳ್ಳಾರಿಯ ನಮ್ಮ ಮಾಳಿಗೆಯ ಆಟದಲ್ಲಿ ನಾನೂ ಪ್ರತಿ ಕಾದಾಟದ ನಂತರ ಎಲ್ಲರನ್ನೂ ಮಲಗಲು ಬಿಡುತ್ತಿದ್ದೆ. ನಿದ್ದೆಯಾದರೆ ಮಂತ್ರಗಳೆಲ್ಲ ಮರಳುತ್ತವೆ; ತಪ್ಪು ಅಲ್ಲಿತ್ತು. ಆಮೇಲೆ ನಮ್ಮ ಕೋಟೆ ಗುಡ್ಡವನ್ನೇ ನಕ್ಷೆ ಮಾಡಿದೆ: ಬಂಡೆಗಳ ಸಂದಿಯಿಂದ ಇಬ್ಬಿಬ್ಬರೇ ಶತ್ರುಗಳು, ತುದಿ ಮುಟ್ಟುವವರೆಗೆ ನಿದ್ದೆಯಿಲ್ಲದೆ ನಾಲ್ಕು ಕಾದಾಟ. ಉಂಡೆಯ ವ್ಯಾಪ್ತಿ ಇಪ್ಪತ್ತು ಅಡಿ ತ್ರಿಜ್ಯದ್ದು. ಚದುರಿದವರೆಲ್ಲ ಅದಕ್ಕೆ ಸಿಗಲಿಲ್ಲ. ಮೂರನೆಯ ಕಾದಾಟಕ್ಕೆ ಮಂತ್ರವಾದಿ ಯೋಧನ ಬೆನ್ನ ಹಿಂದೆ ನಿಂತಿದ್ದ. ಅದನ್ನು ನೋಡಿ ನನಗಾದ ಸಂತೋಷ ಇಂದಿಗೂ ಮಾಸಿಲ್ಲ.

ಬರುವ ಭಾನುವಾರ ನಿಮ್ಮ ತಮ್ಮನನ್ನು ಒಂದು ಕಿರಿದಾದ ಮೆಟ್ಟಿಲಿನ ಬಾಯಲ್ಲಿ ನಿಲ್ಲಿಸಿ ಆಡಿಸಿ.