ಕೋವಿ ಕೊಳ್ಳುವ ಮುನ್ನ ನಳಿಗೆ ನೋಡಿ

ಪ್ರಶ್ನೆ: ನಾನು ಹದಿನೈದು ವರ್ಷಗಳಿಂದ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಊರು ವಿರಾಜಪೇಟೆಯ ಬಳಿ. ಇಲ್ಲಿನ ಶೂಟಿಂಗ್ ರೇಂಜಿನಲ್ಲಿ ಎರಡು ವರ್ಷ .22 ರೈಫಲ್‌ನಿಂದ ಅಭ್ಯಾಸ ಮಾಡಿದ ಮೇಲೆ, ಎಆರ್-15 ಮಾದರಿಯ ಉತ್ತಮ ದರ್ಜೆಯ ಕಾರ್ಬೈನ್ (ಗಿಡ್ಡ ನಳಿಗೆಯ ರೈಫಲ್) ಒಂದನ್ನು ಕೊಳ್ಳಬೇಕೆಂದಿದ್ದೇನೆ. ಅದಕ್ಕಾಗಿ 2,000 ಡಾಲರ್ ತೆಗೆದಿಟ್ಟಿದ್ದೇನೆ. ಬಹುಕಾಲ ಬಾಳಬೇಕು, ಗುರಿಯೂ ತಪ್ಪಬಾರದು. ಅಂಗಡಿಯವರು ಹೇಳುವ ಉಕ್ಕಿನ ಹೆಸರುಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು?

ಉತ್ತರ: ಬಾಳಿಕೆ ಮತ್ತು ನಿಖರತೆ ಎರಡನ್ನೂ ನೀವು ಒಂದೇ ಉಸಿರಿನಲ್ಲಿ ಕೇಳಿದ್ದೀರಿ. ಆದರೆ ನಳಿಗೆಯ ವಿಷಯದಲ್ಲಿ ಅವೆರಡೂ ಒಂದನ್ನೊಂದು ಎಳೆದಾಡುತ್ತವೆ. ನಳಿಗೆಯ ಒಳಮೈಗೆ ಕ್ರೋಮ್ ಲೇಪಿಸಿದರೆ ತುಕ್ಕಿಗೂ ಬಿಸಿಗೂ ತಡೆಯುತ್ತದೆ, ಸಾವಿರಾರು ಈಡುಗಳ ನಂತರವೂ ಸವೆತ ಕಡಿಮೆ. ಆದರೆ ಆ ಲೇಪ ಎಲ್ಲ ಕಡೆಯೂ ಒಂದೇ ದಪ್ಪವಾಗಿ ಕೂರುವುದು ಕಷ್ಟವಾದ್ದರಿಂದ ನಿಖರತೆ ಸ್ವಲ್ಪ ಮಟ್ಟಿಗೆ ಕುಗ್ಗಬಹುದು. ಸ್ಟೇನ್‌ಲೆಸ್ ಉಕ್ಕಿನ ನಳಿಗೆ, ಅದರಲ್ಲೂ 416ಆರ್ ಎಂಬ ಬಗೆಯದು, ಗುಂಡುಗಳನ್ನು ಬಲು ಹತ್ತಿರ ಹತ್ತಿರ ಬೀಳಿಸುತ್ತದೆ, ಆದರೆ ಬಿರುಸಾಗಿ ಹಾರಿಸಿ ಕಾಯಿಸುತ್ತ ಹೋದರೆ ಬೇಗ ಸವೆಯುತ್ತದೆ. ಆದ್ದರಿಂದ ನೀವು ಮೊದಲು ನಿರ್ಧರಿಸಬೇಕಾದದ್ದು ಬ್ರಾಂಡನ್ನಲ್ಲ, ನಿಮ್ಮ ಬಳಕೆಯನ್ನು. ವಾರಕ್ಕೊಮ್ಮೆ ರೇಂಜಿಗೆ ಹೋಗಿ ನೂರಿನ್ನೂರು ಈಡು ಹಾರಿಸುವವರಿಗೆ ನನ್ನ ಸಲಹೆ ಇದು: 4150 ಕ್ರೋಮ್-ಮಾಲಿಬ್ಡಿನಮ್-ವನೇಡಿಯಂ ಉಕ್ಕನ್ನು ಸುತ್ತಿಗೆಯೇಟಿನಿಂದ ತಣ್ಣಗೆ ಬಡಿದು ರೂಪಿಸಿ, ಒಳಗೆ ಕ್ರೋಮ್ ಲೇಪಿಸಿದ ನಳಿಗೆ.

ಗುಂಡಿನ ಕೋಣೆಯನ್ನು, ಅಂದರೆ ಚೇಂಬರನ್ನು, ಅಂಗಡಿಯಲ್ಲಿ ಅನೇಕರು ಕೇಳುವುದೇ ಇಲ್ಲ. .223 ರೆಮಿಂಗ್ಟನ್ ಮತ್ತು 5.56 ನೇಟೋ ತೋಟಾಗಳು ನೋಡಲು ಒಂದೇ, ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಆದರೆ .223ಕ್ಕೆಂದೇ ಕೊರೆದ ಕೋಣೆಯಲ್ಲಿ, ಗುಂಡು ರೈಫ್ಲಿಂಗ್‌ನ ಸುರುಳಿ ಗೀರುಗಳನ್ನು ಮುಟ್ಟುವ ಮೊದಲಿನ ಅಂತರ ಕಿರಿದಾಗಿರುವುದರಿಂದ, 5.56 ತೋಟಾ ಹಾರಿಸಿದಾಗ ಒತ್ತಡ ಮಿತಿ ಮೀರಬಹುದು. ನಳಿಗೆಯ ಮೇಲೆ 5.56 ಎಂದೋ .223 ವೈಲ್ಡ್ ಎಂದೋ ಕೆತ್ತಿರುವುದನ್ನು ಕಣ್ಣಾರೆ ನೋಡಿಯೇ ಕೊಳ್ಳಿ. ಇವೆರಡರಲ್ಲೂ ಎರಡೂ ಬಗೆಯ ತೋಟಾ ಹಾರಿಸಬಹುದು. ಅದೇ ಕೆತ್ತನೆಯಲ್ಲಿ 1:7 ಅಥವಾ 1:8 ಎಂದಿರುತ್ತದೆ. ಗುಂಡು 7 ಅಥವಾ 8 ಅಂಗುಲ ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ ಎಂಬುದು ಅದರ ಅರ್ಥ. 55 ಗ್ರೇನ್‌ನಿಂದ 77 ಗ್ರೇನ್‌ವರೆಗಿನ ತೂಕದ ಗುಂಡುಗಳನ್ನೆಲ್ಲ ಪ್ರಯೋಗಿಸಿ ನೋಡಬೇಕೆನ್ನುವವರಿಗೆ 1:8 ಒಳ್ಳೆಯ ಆಯ್ಕೆ.

ನಳಿಗೆಯ ಉದ್ದ 16 ಅಂಗುಲಕ್ಕಿಂತ ಕಡಿಮೆಯಿದ್ದರೆ ಅಮೆರಿಕದ 1934ರ ರಾಷ್ಟ್ರೀಯ ಬಂದೂಕು ಕಾಯಿದೆಯಡಿ ಪ್ರತ್ಯೇಕವಾಗಿ ನೋಂದಾಯಿಸಬೇಕಾಗುತ್ತದೆ. ಸೇನೆಯ ಎಂ4 ಕಾರ್ಬೈನಿನ 14.5 ಅಂಗುಲದ ನಳಿಗೆಯನ್ನು ಕಂಡು ಮನಸೋಲಬೇಡಿ. ಹಾರಿದ ತೋಟಾದ ಗ್ಯಾಸನ್ನು ನಳಿಗೆಯಿಂದ ಹಿಂದಕ್ಕೆ ಒಯ್ದು ಕೋವಿಯನ್ನು ನಡೆಸುವುದು ಗ್ಯಾಸ್ ಕೊಳವೆ; 16 ಅಂಗುಲದ ನಳಿಗೆಗೆ ಅದರ ಚಿಕ್ಕದಾದ ಕಾರ್ಬೈನ್ ಅಳತೆಗಿಂತ ಉದ್ದವಾದ ಮಿಡ್-ಲೆಂತ್ ಅಳತೆ ಮೇಲು. ಕಾರಣ ಸರಳವಾಗಿದೆ. ಗ್ಯಾಸ್ ಹೊರಬರುವ ರಂಧ್ರ ಕೋಣೆಗೆ ಹತ್ತಿರವಾದಷ್ಟೂ ಅಲ್ಲಿನ ಒತ್ತಡ ಹೆಚ್ಚು. ಹಾರಿದ ತೋಟಾದ ಹಿತ್ತಾಳೆ ಕವಚ ಇನ್ನೂ ಗೋಡೆಗೆ ಬಿಗಿದುಕೊಂಡಿರುವಾಗಲೇ, ಕೋಣೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಅದನ್ನು ಕಿತ್ತೆಳೆಯುತ್ತದೆ, ಪ್ರತಿ ಈಡಿಗೂ ಬೋಲ್ಟಿನ ಹಲ್ಲುಗಳ ಮೇಲೆ ಅನವಶ್ಯಕ ಹೊರೆ ಬೀಳುತ್ತದೆ.

ಬೋಲ್ಟ್ ಎಂದಾಗ ನನ್ನ ಮನಸ್ಸು ಸೇನೆಯ ಕಾರ್ಯಾಗಾರಕ್ಕೆ ಹೋಗುತ್ತದೆ. ಅಲ್ಲಿ ಬಹಳ ವರ್ಷ ಕೋವಿಗಳನ್ನು ಬಿಚ್ಚಿ ಕೂಡಿಸಿದ ನಾನು ಕಂಡದ್ದೇನೆಂದರೆ, ಹೊರಮೈ ಹೊಸತರಂತೆ ಮಿರುಗುತ್ತಿದ್ದ ಕೋವಿಯ ಒಳಗೆ ದಣಿದ ಉಕ್ಕು ಇರುತ್ತಿತ್ತು. ಬಣ್ಣ ಸುಲಿದು ತರಚಿದ ಕೋವಿ ಇನ್ನೂ ಹತ್ತು ವರ್ಷಕ್ಕೆ ಸಿದ್ಧವಾಗಿರುತ್ತಿತ್ತು. ಆದ್ದರಿಂದ ಅಂಗಡಿಯಲ್ಲಿ, ಕೋವಿ ಖಾಲಿಯಿದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡ ಮೇಲೆ, ಬೋಲ್ಟ್ ಕ್ಯಾರಿಯರನ್ನು ಹೊರತೆಗೆದು ತೋರಿಸುವಂತೆ ಕೇಳಿ. ಅದರ ನೆತ್ತಿಯಲ್ಲಿ ಎರಡು ತಿರುಪುಗಳಿಂದ ಕೂರಿಸಿದ, ಗ್ಯಾಸ್ ಕೀ ಎಂಬ ಸಣ್ಣ ಕೊಳವೆಯಿರುತ್ತದೆ. ಆ ತಿರುಪುಗಳು ಸಡಿಲವಾಗದಂತೆ ಅಕ್ಕಪಕ್ಕದ ಉಕ್ಕನ್ನು ಉಳಿಯಿಂದ ಬಲವಾಗಿ ಒತ್ತಿ ತಿರುಪಿನ ತಲೆಗೆ ಕಚ್ಚಿಸಿರಬೇಕು. ಹೆಬ್ಬೆರಳಿನಿಂದ ಸವರಿದರೆ ಆ ಗುಳಿಗಳು ಆಳವಾಗಿ ತಟ್ಟಬೇಕು. ಅಲ್ಲಿ ಬರೀ ಗೀರು ಮಾತ್ರ ಕಂಡರೆ, ಕಾಣದ ಜಾಗಗಳಲ್ಲಿಯೂ ಅದೇ ಅಸಡ್ಡೆಯಿದೆ ಎಂದು ನಾನು ಭಾವಿಸುತ್ತೇನೆ. ಬೋಲ್ಟಿನ ಮೇಲಿನ ಎಂಪಿ ಅಥವಾ ಎಂಪಿಐ ಎಂಬ ಗುರುತು, ಉಕ್ಕಿನ ಮೇಲ್ಮೈಯಲ್ಲೂ ಅದರ ತುಸು ಕೆಳಗೂ ಇರುವ ಸಣ್ಣ ಬಿರುಕುಗಳನ್ನು ಕಾಂತೀಯ ಪರೀಕ್ಷೆಯಿಂದ ಹುಡುಕಿದ್ದಾರೆಂದು ತಿಳಿಸುತ್ತದೆ. ಕಾರ್ಪೆಂಟರ್ 158 ಉಕ್ಕು ಬೋಲ್ಟಿಗೆ ಬಹುಕಾಲದಿಂದ ನಡೆದುಬಂದಿದೆ. ಕೋವಿಯ ಒಡಲು, ಅಂದರೆ ರಿಸೀವರ್, 7075-ಟಿ6 ಅಲ್ಯೂಮಿನಿಯಮ್ಮಿನದಾದರೆ ಸಾಕು. ಅಷ್ಟಕ್ಕೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ನಿಖರತೆಯ ಬಗ್ಗೆ ಕಾರ್ಖಾನೆಗಳು ಹೇಳುವ ‘1 ಎಂಓಎ’ ಎಂದರೆ 100 ಮೀಟರ್ ದೂರದಲ್ಲಿ ಸುಮಾರು 2.9 ಸೆಂಟಿಮೀಟರ್ ಅಗಲದೊಳಗೆ ಗುಂಡುಗಳು ಬೀಳುತ್ತವೆ ಎಂದು. ಎಷ್ಟು ಗುಂಡು ಹಾರಿಸಿ, ಯಾವ ತೋಟಾದಿಂದ ಎಂದು ಕೇಳಲು ಮರೆಯಬೇಡಿ. ಮೂರು ಈಡಿನ ಗುಂಪು ಅದೃಷ್ಟದಿಂದಲೂ ಚಿಕ್ಕದಾಗಬಹುದು, ಹತ್ತು ಈಡಿನ ಗುಂಪು ಕೋವಿಯ ನಿಜವನ್ನು ಹೇಳುತ್ತದೆ. ಮುಂದಿನ ಕೈಯಿಂದ ಹಿಡಿಯುವ ಹ್ಯಾಂಡ್‌ಗಾರ್ಡ್ ನಳಿಗೆಯನ್ನು ಎಲ್ಲಿಯೂ ಮುಟ್ಟದಂತೆ ಜೋಡಿಸಿರುವ ಮಾದರಿಯನ್ನೇ ಆರಿಸಿ. ಇಲ್ಲವಾದರೆ ಚೀಲದ ಮೇಲೆ ಊರಿದಾಗ ಒಂದು ಕಡೆ, ಪಟ್ಟಿ ಎಳೆದು ಹಿಡಿದಾಗ ಇನ್ನೊಂದು ಕಡೆ ಗುಂಡು ಬೀಳುತ್ತದೆ. ಕುದುರೆ, ಅಂದರೆ ಟ್ರಿಗರ್, ಒರಟಾಗಿದ್ದರೆ ಆರು ತಿಂಗಳು ಬಳಸಿ, ಆಮೇಲೆ ಎರಡು ಹಂತದ ಕುದುರೆಗೆ ಬದಲಾಯಿಸಬಹುದು.

ಡೇನಿಯಲ್ ಡಿಫೆನ್ಸ್, ಬ್ರಾವೋ ಕಂಪನಿ, ಎಲ್‌ಎಂಟಿ, ಕೋಲ್ಟ್ ಇವುಗಳೆಲ್ಲ ಈ ದರ್ಜೆಯಲ್ಲಿ ಹೆಸರು ಪಡೆದಿವೆ. 2,000 ಡಾಲರನ್ನೂ ಕೋವಿಗೇ ಸುರಿಯಬೇಡಿ. 1,500ರೊಳಗೆ ಕೋವಿ ಮುಗಿಸಿ, ಉಳಿದದ್ದನ್ನು ಗುರಿ ನೋಡುವ ದುರ್ಬೀನು, ಒಂದು ಹೆಚ್ಚುವರಿ ಬೋಲ್ಟ್, ಬೀಗವಿರುವ ಉಕ್ಕಿನ ಪೆಟ್ಟಿಗೆ ಮತ್ತು ತೋಟಾಗಳಿಗೆ ಇಡಿ. ಮನೆಯಲ್ಲಿ ಮಕ್ಕಳಿದ್ದರೆ ಮೊದಲು ಬರಬೇಕಾದದ್ದು ಆ ಪೆಟ್ಟಿಗೆ, ಆಮೇಲೆ ಕೋವಿ.

ಪ್ರಶ್ನೆ: ನನ್ನ ಜೊತೆ ಮೈಸೂರಿನ ಗೆಳೆಯರೊಬ್ಬರಿದ್ದಾರೆ, ಎಚ್-1ಬಿ ವೀಸಾದಲ್ಲಿದ್ದಾರೆ. ಅವರೂ ನನ್ನ ಕಾರ್ಬೈನಿನಿಂದ ಅಭ್ಯಾಸ ಮಾಡಬಹುದೇ?

ಉತ್ತರ: ದಯವಿಟ್ಟು ಅವರ ಕೈಗೆ ಕೊಡಬೇಡಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ರೇಂಜಿನಲ್ಲಿ ಬಾಡಿಗೆಗೆ ಪಡೆಯುವುದಕ್ಕೂ ಇದೇ ಅನ್ವಯಿಸುತ್ತದೆ. ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿಯಿದೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಮುಂದುವರಿಯಬಾರದು. ಬಂದೂಕಿನ ಪ್ರಕರಣದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಹಾಕಬಹುದು. ಕೊಳ್ಳುವಾಗ ತುಂಬುವ 4473 ನಮೂನೆಯಲ್ಲಿ ಪೌರತ್ವದ ಕಾಲಂ ಅನ್ನು ಎರಡು ಸಲ ಓದಿ ತುಂಬಿ. ಮುಂದೆಂದಾದರೂ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಅಥವಾ ವಾಷಿಂಗ್ಟನ್ ರಾಜ್ಯಕ್ಕೆ ವಾಸ ಬದಲಿಸುವುದಾದರೆ, ಅಲ್ಲಿ ಈ ಮಾದರಿಯ ಮೇಲೆ ಕಟ್ಟುನಿಟ್ಟಾದ ನಿರ್ಬಂಧಗಳಿರುವುದರಿಂದ ಹೊರಡುವ ಮೊದಲೇ ವಿಚಾರಿಸಿ.

ಪ್ರಶ್ನೆ: ನಿವೃತ್ತಿಯ ಬಳಿಕ ಊರಿಗೆ ಮರಳುವಾಗ ಈ ಕಾರ್ಬೈನನ್ನು ತರಬಹುದೇ? ಕೊಡವರಿಗೆ ಪರವಾನಗಿಯ ವಿನಾಯಿತಿ ಇದೆಯಲ್ಲವೇ? ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿಯೂ ಇದೆ.

ಉತ್ತರ: ತರಲಾಗದು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂ ಹಿಡುವಳಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಆದರೆ ಸೇನೆಯ ತೋಟಾಗಳನ್ನು ಹಾರಿಸಬಲ್ಲ ಇಂಥ ಅರೆ-ಸ್ವಯಂಚಾಲಿತ ರೈಫಲ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಹೊರಡುವ ಮೊದಲು ಅಲ್ಲಿಯೇ ಪರವಾನಗಿಯುಳ್ಳ ವ್ಯಾಪಾರಿಗೆ ಮಾರಿಬಿಡಿ.

ಅಜ್ಜನ ಕೋವಿಯ ವಿಷಯಕ್ಕೆ ನಿಮ್ಮ ಗಮನ ಹೆಚ್ಚು ಬೇಕು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಂದು ತೋಕ್‌ಪೂ ಹೂವನ್ನು ಮುಡಿಸಿ ಪೂಜಿಸುವ ಹಳೆಯ ಕೋವಿಗಳಲ್ಲಿ ಹಲವಕ್ಕೆ 65 ಮಿಲಿಮೀಟರ್ ಉದ್ದದ ಕೋಣೆಯಿರುತ್ತದೆ. ಈಗ ಅಂಗಡಿಯಲ್ಲಿ ಸಿಗುವ ತೋಟಾಗಳು ಹೆಚ್ಚಾಗಿ 70 ಮಿಲಿಮೀಟರಿನವು. ಅವು ಒಳಗೆ ಸಲೀಸಾಗಿ ಕೂರುತ್ತವೆ, ಏಕೆಂದರೆ ತೋಟಾದ ಬಾಯಿ ಬಿಚ್ಚಿಕೊಳ್ಳುವುದು ಹಾರಿದ ಮೇಲೆ. ಆಗ ಮುಂದಿನ ಕಿರಿದಾದ ಜಾಗಕ್ಕೆ ಚಾಚಿ ಒತ್ತಡವನ್ನು ಏರಿಸುತ್ತದೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಪರವಾನಗಿಯುಳ್ಳ ಕೋವಿ ರಿಪೇರಿಯವರಿಂದ ಕೋಣೆಯನ್ನು ಅಳೆಯಿಸಿ, ನಳಿಗೆಯ ಗೋಡೆ ತೆಳುವಾಗಿದೆಯೇ ಎಂದು ಪರೀಕ್ಷಿಸಿ. ಅಲ್ಲಿಯವರೆಗೆ ಮನೆಯವರು ಅದಕ್ಕೆ ತೋಟಾ ತುಂಬದಿರಲಿ.